ತಾತನ ಹೆಸರಿನ ಕಮಾನು

ರಾಜಾನುಕುಂಟೆ
9-2-2025, ಭಾನುವಾರ ಬೆಳಿಗ್ಗೆ

ಮುದ್ದಿನ ವನಿತಾ,

ದೆಹಲಿ ಚಳಿಗೆ ನಿನ್ನ ಕೆಮ್ಮು ಹೇಗಿದೆ? ಸ್ವೆಟರ್ ಹಾಕದೆ ಮೆರೆಯಬೇಡ. ನನ್ನ ಮಂಡಿ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಮಿಕ್ಕಂತೆ ಗಟ್ಟಿಯಾಗಿದ್ದೇನೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಸರ್ಕಾರದ ಕೆಲಸಕ್ಕೂ ಖರ್ಚಿಗೂ ಮಿತಿ ಇರಬೇಕು ಎನ್ನುವ ಪಕ್ಷ ನಿನ್ನ ಪಾಲಿಗೆ ಬಂದಿದೆ ಎಂದು, "ನಂಗೇ ನಂಬಿಕೆ ಇಲ್ಲ ಅಜ್ಜಿ, ಏನ್ ಹೇಳ್ಲಿ?" ಅಂತ ಗೋಳಾಡಿದೆಯಲ್ಲ. ಏಳನೇ ಕ್ಲಾಸು ಓದಿದವಳನ್ನು ಕೇಳಿದ್ದೀಯ, ಅನುಭವಿಸು. ಫೋನಿನಲ್ಲಿ ನೀನು ನನಗೆ ಮಾತಾಡಲು ಬಿಡುವುದಿಲ್ಲ, ಅದಕ್ಕೇ ಈ ಕಾಗದ.

ನಿನ್ನ ತಾತ ನಮ್ಮ ಬಡಾವಣೆಯ ಸಂಘ ಶುರು ಮಾಡಿದಾಗ ಅದಕ್ಕಿದ್ದದ್ದು ಮೂರೇ ಕೆಲಸ: ಬೋರ್‌ವೆಲ್ ನೀರು, ಬೀದಿ ದೀಪ, ಗೇಟಿನ ಕಾವಲು. ಯಾರಾದರೂ ನಾಲ್ಕನೆಯದು ಹೇಳಿದರೆ, "ಇಂಗೇ ಎಲ್ಲಾನೂ ತಲೆ ಮೇಲೆ ಆಕ್ಕೊಂಡ್ರೆ ನೀರ್ ಬಿಡೋರು ಯಾರಪ್ಪಾ?" ಎನ್ನುತ್ತಿದ್ದರು. ಅವರು ಹೋಗಿ ನಾಲ್ಕು ವರ್ಷ. ಈಗಿನ ಅಧ್ಯಕ್ಷ ರವಿಕಿರಣ ಒಳ್ಳೆಯವನು, ಯಾರಿಗೂ ಇಲ್ಲ ಎನ್ನಲಾರ. ಜಿಮ್ ಬಂತು, ಯೋಗ ಟೀಚರ್ ಬಂದರು, ಗಣೇಶನಿಗೆ ಆರ್ಕೆಸ್ಟ್ರಾ ಬಂತು. ದುಡ್ಡು ಸಾಲದೆ ಹೋದಾಗ ಬರುವ ವರ್ಷದ ವಂತಿಗೆಯನ್ನು ಈ ವರ್ಷವೇ ವಸೂಲಿ ಮಾಡಿ ತಿಂದೆವು. ಹೋದ ತಿಂಗಳು ಬೋರ್‌ವೆಲ್ ಮೋಟಾರು ಸುಟ್ಟಿತು, ಕೈಯಲ್ಲಿ ಕಾಸಿಲ್ಲ. ಒಂಬತ್ತು ದಿನ ಟ್ಯಾಂಕರಿನ ಹಿಂದೆ ಬಿಂದಿಗೆ ಹಿಡಿದು ನಿಂತೆವು. ಜಿಮ್ಮಿನಲ್ಲಿ ಮಾತ್ರ ಫ್ಯಾನು ತಿರುಗುತ್ತಿತ್ತು.

ನೀನು ಕೇಳಿದಾಗ ನನಗೆ ಆ ಬಿಂದಿಗೆಗಳ ಸಾಲೇ ನೆನಪಾಯಿತು. ಸರ್ಕಾರವೂ ಅಷ್ಟೇ ಕಣೇ. ಗಡಿ ಕಾಯಲಿ, ಕಳ್ಳರನ್ನು ಹಿಡಿಯಲಿ, ಕೋರ್ಟಿನಲ್ಲಿ ಬೇಗ ನ್ಯಾಯ ಕೊಡಲಿ, ರಸ್ತೆ, ಶಾಲೆ, ಆಸ್ಪತ್ರೆ ನೋಡಿಕೊಳ್ಳಲಿ, ಇಲ್ಲದವರ ಕೈ ಹಿಡಿಯಲಿ. ಇಷ್ಟನ್ನು ನೆಟ್ಟಗೆ ಮಾಡಿದರೆ ಕೈಮುಗಿಯುತ್ತೇನೆ. ಮಿಕ್ಕಿದ್ದನ್ನು ಜನ ಮಾಡಿಕೊಳ್ಳುತ್ತಾರೆ. "ದೇಶ ಅಂದ್ರೆ ಮನೆ ಅಲ್ಲ ಅಜ್ಜಿ" ಎನ್ನುತ್ತೀಯ. ನಿಜ. ಮನೆಯವರಿಗೆ ಸಾಲ ಕೊಡುವವನು ಒಂದು ದಿನ ಸಾಕು ಎನ್ನುತ್ತಾನೆ. ಸರ್ಕಾರಕ್ಕೆ ಹಾಗೆ ಹೇಳುವವರಿಲ್ಲ, ಅದು ತನಗೆ ತಾನೇ ಸಾಕು ಎಂದುಕೊಳ್ಳಬೇಕು. ಬರವೋ ಯುದ್ಧವೋ ಬಂದರೆ ಸಾಲ ಮಾಡಲಿ. ಮಾಮೂಲಿ ವರ್ಷದ ಖರ್ಚು ಆ ವರ್ಷದ ತೆರಿಗೆಯಲ್ಲೇ ಮುಗಿಯಬೇಕು. ಇಲ್ಲದಿದ್ದರೆ ತೀರಿಸಬೇಕಾದವರು ಇನ್ನೂ ವೋಟು ಬರದ ಮಕ್ಕಳು, ಅವರನ್ನು ಯಾರೂ ಕೇಳಿಲ್ಲ.

ಇನ್ನು ನನ್ನ ಸಂಕಟ. ಬಡಾವಣೆಯ ಬಾಗಿಲಿಗೆ ಕಲ್ಲಿನ ಕಮಾನು ಕಟ್ಟಬೇಕಂತೆ, ಹತ್ತು ವರ್ಷದ ಸಾಲ ಮಾಡಿ. ಅದರ ಮೇಲೆ ನಿನ್ನ ತಾತನ ಹೆಸರು, 'ಮುನಿವೆಂಕಟಯ್ಯ ದ್ವಾರ'. ಇವತ್ತು ಸಂಜೆ ಸಭೆ. ರವಿಕಿರಣ ನಕ್ಷೆ ತೋರಿಸಿದಾಗ ಅತ್ತುಬಿಟ್ಟೆ. ಆ ಹೆಸರನ್ನು ಅಷ್ಟು ದೊಡ್ಡದಾಗಿ ನೋಡುವ ಆಸೆ ನನಗಿದೆ, ಸುಳ್ಳು ಹೇಳಲಾರೆ. ನಿನ್ನಪ್ಪ ಉದ್ಘಾಟನೆಗೆಂದು ಹೊಸ ಪಂಚೆಯನ್ನೇ ತಂದಿಟ್ಟಿದ್ದಾನೆ. ಆದರೆ ಇಲ್ಲಿ ಇನ್ನೂ ಮನೆ ಕಟ್ಟದವರೂ ಆ ಸಾಲ ತೀರಿಸಬೇಕು. ಏನು ಮಾಡಲಿ ಎಂದು ತಿಳಿಯುತ್ತಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಸೋತರೂ ನೀನು ನನ್ನ ಬಂಗಾರವೇ. ಮುನೇಶ್ವರ ನಿನ್ನನ್ನು ಕಾಯಲಿ.

ನಿನ್ನ ಅಜ್ಜಿ,
ಲಕ್ಷ್ಮಿದೇವಮ್ಮ

ತಾ.ಕ.: ಕವರು ಅಂಟಿಸುವ ಮೊದಲು, ಅವಸರದಲ್ಲಿ. ಸಭೆ ಮುಗಿಯಿತು. ಬೇಡ ಎನ್ನುವವರು ಕೈ ಎತ್ತಿ ಎಂದಾಗ ಎಲ್ಲರೂ ನನ್ನ ಮುಖ ನೋಡಿದರು. ನನ್ನ ಮುಲಾಜಿಗೆ ಒಬ್ಬರೂ ಎತ್ತಲಿಲ್ಲ. ಕೊನೆಗೆ ನಾನೇ ಎತ್ತಿದೆ, ಆಮೇಲೆ ಒಬ್ಬೊಬ್ಬರಾಗಿ ಎತ್ತಿದರು. ಕಮಾನು ಇಲ್ಲ. ನಿನ್ನಪ್ಪ ಎದ್ದು ಹೋದ, ಮನೆಗೆ ಬಂದವನು ಊಟಕ್ಕೂ ಏಳಲಿಲ್ಲ. ಸ್ಪರ್ಧೆಗೆ ಬರೆದುಕೊಂಡ ವಾದವನ್ನು ಮೊದಲು ಅವನಿಗೆ ಫೋನ್ ಮಾಡಿ ಹೇಳು. ಕಪ್ಪು ಬರದಿದ್ದರೂ ಪರವಾಗಿಲ್ಲ, ಅವನನ್ನು ಒಪ್ಪಿಸು ತಾಯಿ.