ಮಡಚಿದ ಹಾಳೆಯ ಬಲಭಾಗ

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಮಸಿಕುಡಿಕೆಗೆ,

ಹೇಗಿದ್ದೀಯೇ? ಬರೆಯುತ್ತೇನೆ, ಬರೆಯುತ್ತೇನೆ ಅಂದುಕೊಂಡೇ ಚಳಿಗಾಲ ಕಳೆದುಹೋಯಿತು, ಬೈಯಬೇಡ. ಬೈದರೂ ಸರಿಯೇ, ಆ ಬೈಗುಳವನ್ನಾದರೂ ಕೈಯಾರೆ ಬರೆದು ಕಳಿಸು. ನಿನ್ನ ಕೈಬರಹದ ನಾಲ್ಕು ಸಾಲು ನೋಡದೆ ಎಷ್ಟು ಕಾಲವಾಯಿತು ಅಂತ ಲೆಕ್ಕ ಹಾಕಲೂ ಮನಸ್ಸಾಗುವುದಿಲ್ಲ.

ನನ್ನದು ಹಳೆಯ ಪಾಡೇ. ಹಲ್ಲಿನ ಡಾಕ್ಟರ ಹಿಂದಿನ ಕೋಣೆಯಲ್ಲಿ ಕೂತು ಮೇಣದಲ್ಲಿ ಹಲ್ಲು ಕೆತ್ತುತ್ತೇನೆ. ಊರಿನ ಅರ್ಧ ಜನ ನಗುವುದು ನನ್ನ ಹಲ್ಲುಗಳಿಂದ, ದಾರಿಯಲ್ಲಿ ಎದುರಾದರೆ ಒಬ್ಬರಿಗೂ ನನ್ನ ಗುರುತಿಲ್ಲ. ಮನೆಯವರಿಗೆ ಸೊಂಟನೋವು. ಟೀವಿಯಲ್ಲಿ ಆಟ ಶುರುವಾದರೆ ಮಾತ್ರ ಅದು ಎಲ್ಲಿ ಹೋಗುತ್ತದೋ ಗೊತ್ತಿಲ್ಲ. ನಿನ್ನ ಚಿತ್ರಬಳಗವನ್ನು ಫೋನಿನಲ್ಲಿ ಹುಡುಕಿಕೊಟ್ಟವರೂ ಅವರೇ. "ನಿನ್ನ ಮಸಿಕುಡಿಕೆ ಇಲ್ಲಿದ್ದಾಳೆ ನೋಡೇ! ಎಷ್ಟೊಂದು ಜನಾನ ಸುತ್ತ ಕೂರಿಸ್ಕೊಂಡಿದ್ದಾಳೆ!" ಅಂತ ಕೂಗಿದರು. ಒಲೆಯ ಮೇಲೆ ಹಾಲಿಟ್ಟಿದ್ದೆ, ಅದು ಉಕ್ಕಿ ಹರಿದದ್ದೂ ತಿಳಿಯಲಿಲ್ಲ.

ಎಂಥ ಲೋಕ ಕಟ್ಟಿದ್ದೀಯೇ ಅಲ್ಲಿ! ಒಬ್ಬ ಬಸ್ ಕಂಡಕ್ಟರು ನಿದ್ದೆ ಹೋದ ಪ್ರಯಾಣಿಕರನ್ನೇ ಬರೆಯುತ್ತಾರೆ. ಒಬ್ಬ ಹೆಂಗಸಂತೂ ತಳ ಸೀದ ಪಾತ್ರೆ ಬಿಟ್ಟು ಬೇರೇನನ್ನೂ ಬರೆಯುವುದಿಲ್ಲ. ಆಕೆಯ ಒಂದು ಚಿತ್ರ ಕೊಂಡು ಅಡುಗೆಮನೆಯಲ್ಲಿ ತೂಗುಹಾಕಿದೆ. ಮನೆಯವರು ಅದನ್ನೂ ನನ್ನನ್ನೂ ನೋಡಿ, "ಮನೇಲಿ ಸೀಯೋದು ಸಾಲ್ದು ಅಂತ ಹೊರಗಿಂದ ಬೇರೆ ತರಿಸ್ದ್ಯಾ?" ಅಂದರು. ಅನ್ನಲಿ ಬಿಡು. ಇವರೆಲ್ಲ ಯಾರ ಅಪ್ಪಣೆಗೂ ಕಾಯದೆ ಬರೆಯುವುದನ್ನು ನೋಡಿ ನನ್ನ ಕೈಯೂ ತುರಿಸತೊಡಗಿತು. ಹಲ್ಲಿನ ಅಚ್ಚು ಹೊಯ್ಯುವ ಪ್ಲಾಸ್ಟರ್ ಚೀಲದ ಒಳಗಿನ ಕಾಗದ ಹರಿದು, ಊಟದ ಬಿಡುವಿನಲ್ಲಿ ಬರೆಯಲು ಕೂತೆ. ಕೆಲಸ ಹಿಡಿದ ಮೇಲೆ ಹಲ್ಲಲ್ಲದ ಒಂದು ವಸ್ತು ನನ್ನ ಕೈಯಿಂದ ಹುಟ್ಟಿದ್ದು ಇದೇ ಮೊದಲು.

ನಿನ್ನ ಪುಟದಿಂದ ದುಡ್ಡು ಕೊಟ್ಟು ತರಿಸಿಕೊಂಡ ನಿನ್ನ ಚಿತ್ರಗಳಿಗೂ ಗೋಡೆ ಗಿಟ್ಟಿಸಿದ್ದೇನೆ. ಡಾಕ್ಟರನ್ನು ಕಾಡಿ ಬೇಡಿ, ಜನ ಕಾಯುವ ಕೋಣೆಯಲ್ಲಿದ್ದ ಹುಳುಕು ಹಲ್ಲಿನ ಪಟ ತೆಗೆಸಿ ನಿನ್ನವನ್ನು ಹಾಕಿಸಿದೆ. "ಹುಳುಕು ಹಲ್ಲು ನೋಡಿದ್ರೆ ಹೆದರಿ ಒಳಗೆ ಬರ್ತಾರಮ್ಮ. ನಿಮ್ಮ ಗೆಳತಿ ಚಿತ್ರ ನೋಡಿದ್ರೆ ನೋವೇ ಮರೆತು ಮನೆಗೆ ಹೋಗ್ತಾರೆ, ನನ್ನ ಗತಿ ಏನು?" ಅಂತ ಗೊಣಗಿದರೂ ಮೊಳೆ ಹೊಡೆದವರು ಅವರೇ. ಬಂದವರು ಇದು ಯಾರು ಬರೆದದ್ದು ಅಂತ ಕೇಳಿದಾಗಲೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಬಂದು, ನಿನ್ನ ಪುಟದ ವಿಳಾಸ ಬರೆದು ಕೊಡುತ್ತೇನೆ.

ಇನ್ನು ಅಸಲು ಮಾತು. ಶನಿವಾರ ಶನಿವಾರ ನೀನು ಬಳಗದಲ್ಲಿ ಅರ್ಧ ಚಿತ್ರ ಹಾಕಿ, ಉಳಿದರ್ಧ ನೀವು ಬರೆಯಿರಿ ಅನ್ನುತ್ತೀಯಲ್ಲ, ಅದನ್ನು ಮೊದಲ ಸಲ ನೋಡಿದಾಗ ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳೇಕೆ ಹೇಳಲಿ. ಅದು ನಮ್ಮಿಬ್ಬರ ಆಟವಾಗಿತ್ತು. ಮುದ್ರಣಾಲಯದ ಮೇಲೆ ನಾವಿಬ್ಬರೂ ಒಟ್ಟಿಗಿದ್ದ ಆ ಕೋಣೆ, ಒಂದೇ ಮೇಜು, ಇಬ್ಬರಿಗೂ ಸೇರಿ ಒಂದೇ ಹಾಳೆ. ಎಡಕ್ಕೆ ಒಬ್ಬಳು ಬರೆದು ಮಡಚಿ ಕೊಡಬೇಕು. ಗೆರೆಗಳ ತುದಿ ಬೆರಳಗಲ ಮಾತ್ರ ಹೊರಗೆ ಕಾಣಬೇಕು. ಇನ್ನೊಬ್ಬಳು ಕದ್ದು ನೋಡದೆ ಅಲ್ಲಿಂದಲೇ ಮುಂದುವರಿಸಬೇಕು. ಹಾಳೆ ಬಿಚ್ಚಿದಾಗ ಮೇಕೆಯ ಮೈಗೆ ಛತ್ರಿಯ ಬಾಲ. ನಾವು ಬಿದ್ದು ಬಿದ್ದು ನಗುವುದಕ್ಕೆ ಕೆಳಗಿನವರು ಕೋಲಿನಿಂದ ಸೂರು ಕುಟ್ಟುತ್ತಿದ್ದರು. "ಕೊಕ್ಕರೆ, ಕತ್ತು ಚಾಚಬೇಡ್ವೇ!" ಅಂತ ನೀನು ನನ್ನ ಕಣ್ಣು ಮುಚ್ಚುತ್ತಿದ್ದೆ, ನಿನ್ನ ಮಸಿಯೆಲ್ಲ ನನ್ನ ಮೂಗಿಗೆ ಮೆತ್ತುತ್ತಿತ್ತು.

ಹೋದ ತಿಂಗಳು ನಾನೂ ಆಡಿದೆ. ನನ್ನ ಬುದ್ಧಿ ನೋಡು, ಚಿತ್ರ ತೆರೆಯುವ ಮೊದಲೇ ಡಬ್ಬಿಯ ರಟ್ಟನ್ನು ಫೋನಿನ ಪರದೆಯ ಮೇಲಿಟ್ಟು, ಅಂಚಿನಲ್ಲಿ ಬೆರಳಗಲ ಮಾತ್ರ ಬಿಟ್ಟುಕೊಂಡೆ. ಆಟ ಅಂದಮೇಲೆ ಆಟ ತಾನೆ? ಬಳುಕುವ ಉದ್ದುದ್ದ ಗೆರೆಗಳು ಕಂಡವು. ಹೊಳೆ ಅಂದುಕೊಂಡೆ. ಹೊಳೆಯಲ್ಲಿ ಒಂದು ಎಮ್ಮೆಯನ್ನು ಕುತ್ತಿಗೆವರೆಗೆ ಮುಳುಗಿಸಿ ಕಳಿಸಿಬಿಟ್ಟೆ. ಆಮೇಲೆ ರಟ್ಟು ತೆಗೆದು ನೋಡಿದರೆ, ತಾಯಿಯೊಬ್ಬಳು ಬಾಚಣಿಗೆ ಹಿಡಿದು ನಿಂತಿದ್ದಾಳೆ! ಉಳಿದವರೆಲ್ಲ ಪೂರ್ತಿ ನೋಡಿಕೊಂಡು, ಆ ಕೂದಲಿಗೆ ಚೆಂದದ ಹೆಣ್ಣುಮಕ್ಕಳನ್ನು ಬರೆದಿದ್ದರು.

ಬಳಗವೆಲ್ಲ ನಕ್ಕಿತು. "ಅಮ್ಮಾ, ಕನ್ನಡಕ ಹಾಕ್ಕೊಂಡು ಬರೀರಿ" ಅಂದರು ಒಬ್ಬರು. "ಹೇನು ಹುಡುಕೋಕೆ ಹೋಗಿ ಎಮ್ಮೆ ಸಿಕ್ತಾ?" ಅಂದರು ಕಂಡಕ್ಟರು. ನಾನೂ ನಕ್ಕೆ, ಬೇಜಾರೇನಿಲ್ಲ. ಆದರೆ ನಿನಗಾಗಿ ಕಾಯುತ್ತಿದ್ದೆ. ಪರದೆಗೆ ರಟ್ಟು ಮುಚ್ಚಿಕೊಂಡು ಬರೆಯುವ ಹುಚ್ಚಿ ಈ ಭೂಮಿಯ ಮೇಲೆ ಒಬ್ಬಳೇ, ಅವಳು ಯಾರು ಅಂತ ಗೊತ್ತಿರುವವಳೂ ಒಬ್ಬಳೇ ಅಂದುಕೊಂಡಿದ್ದೆ. ನೀನು ಬಂದೆ. ಎಲ್ಲರ ಚಿತ್ರದ ಕೆಳಗೆ ಹಾಕಿದ ಹಾಗೆ ನನ್ನದರ ಕೆಳಗೂ ಒಂದು ನಗುಮುಖ ಹಾಕಿ, "ಭಾಗವಹಿಸಿದ್ದಕ್ಕೆ ಧನ್ಯವಾದಗಳು" ಅಂತ ಬರೆದು ಮುಂದಿನವರ ಬಳಿ ಹೋದೆ.

ಮೇಣ ಕಾಯಿಸುವಾಗ ಕೈ ಸುಟ್ಟುಕೊಂಡೆ ಆವತ್ತು. "ಪಾಪ, ಅಷ್ಟು ಜನರಲ್ಲಿ ಅವಳಿಗೆ ಕಂಡಿರಲ್ಲ ಕಣೇ. ಫೋನ್ ಮಾಡಿ ಕೇಳಬಾರ್ದಾ?" ಅಂದರು ಮನೆಯವರು. ಫೋನ್ ಮಾಡಿ ಏನಂತ ಕೇಳಲಿ? ನನ್ನ ಎಮ್ಮೆಯ ಗುರುತು ಸಿಕ್ಕಿತೇ ಅಂತಲೇ? ಅಲ್ಲದೆ ಬಳಗದಲ್ಲಿ ಇರುವುದು ನನ್ನ ಪೂರ್ತಿ ಹೆಸರು, ಅದರಿಂದ ನೀನು ನನ್ನನ್ನು ಯಾವತ್ತು ಕರೆದಿದ್ದೀಯ ಹೇಳು. ಗೊತ್ತಾಗಿರಲಿಕ್ಕಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನಿನ್ನ ಏಳಿಗೆ ನೋಡಿ ನನಗಾಗುವ ಸಂತೋಷ ನಿನ್ನ ಹೆತ್ತಮ್ಮನಿಗೂ ಆಗಿರಲಾರದು. ಯಾರ ಕೈಕೆಳಗೂ ದುಡಿಯದೆ ಬರೆದೇ ಬದುಕುತ್ತೇನೆ ಅಂದಿದ್ದೆ, ಬದುಕಿ ತೋರಿಸಿದೆ. ಆದರೆ ದಿನಾ ಬೆಳಗ್ಗೆ ನಿನ್ನ ಚಿತ್ರ ನೋಡಿ, ಒಂದು ಹೃದಯದ ಗುರುತು ಒತ್ತಿ, ಕೆಲಸಕ್ಕೆ ಹೋಗುತ್ತೇನೆ, ಅಷ್ಟೇ. ನಿನ್ನ ಚಿತ್ರ ಗೋಡೆಯ ತುಂಬ ಇದೆ. ನನಗೆ ನೀನು ಬೇಕು ಕಣೇ.

ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಎಡಭಾಗ ಬರೆದು ಮಡಚಿದ್ದೇನೆ, ಬಿಚ್ಚಿ ನೋಡಿದರೆ ನಿನ್ನಾಣೆ ಮಾತು ಬಿಡುತ್ತೇನೆ. ಬಲಭಾಗ ಬರೆದು ಅಂಚೆಗೆ ಹಾಕು. ಫೋಟೋ ತೆಗೆದು ಬಳಗಕ್ಕೆ ತೋರಿಸಬೇಡ, ಇದೊಂದು ನಮ್ಮದಾಗಿರಲಿ. ಪುರುಸೊತ್ತಿಲ್ಲದಿದ್ದರೆ ಕಡ್ಡಿಯಂಥ ಒಂದು ಗೆರೆ ಎಳೆದರೂ ಸಾಕು.

ನಿನಗಿಂತ ನಾಲ್ಕು ತಿಂಗಳಿಗೆ ದೊಡ್ಡವಳಲ್ಲವೇ, ಆ ಹಕ್ಕಿನಿಂದ ಹರಸುತ್ತೇನೆ. ಕಣ್ಣು ಮಂಜಾಗದಿರಲಿ, ಕೈ ನಡುಗದಿರಲಿ, ಹೊತ್ತಿಗೆ ಸರಿಯಾಗಿ ಊಟ ಮಾಡುವ ಬುದ್ಧಿ ಈ ವಯಸ್ಸಿನಲ್ಲಾದರೂ ಬರಲಿ.

ನಿನ್ನ
ಕೊಕ್ಕರೆ

ತಾ.ಕ.: ಇದನ್ನು ಬರೆಯಬಾರದು ಅಂತಿದ್ದೆ. "ಬರೆದುಬಿಡೇ, ಒಳಗಿಟ್ಕೊಂಡು ಕೊರಗ್ಬೇಡ" ಅಂದರು ಮನೆಯವರು. ಮೊನ್ನೆ ನಿನ್ನ ಲಕೋಟೆ ಬಂತು. ಮೇಲೆ ನಿನ್ನ ಅಕ್ಷರ ಕಂಡು, ಕೈಗೆ ಮೆತ್ತಿದ್ದ ಪ್ಲಾಸ್ಟರನ್ನೂ ತೊಳೆಯದೆ ಬಾಗಿಲಲ್ಲೇ ನಿಂತು ಒಡೆದೆ. ಒಳಗೆ ಚೆಂದದ ಒಂದು ಕಾರ್ಡು. "ಪ್ರಿಯ ಬೆಂಬಲಿಗರೇ, ಸ್ವತಂತ್ರ ಕಲಾವಿದರ ಜೊತೆ ನಿಂತಿದ್ದಕ್ಕೆ ಕೃತಜ್ಞತೆಗಳು" ಅಂತ ಅಚ್ಚಾಗಿತ್ತು. ಹಿಂದೆ ಮುಂದೆ ತಿರುಗಿಸಿದೆ, ಕಿಟಕಿಯ ಬೆಳಕಿಗೆ ಹಿಡಿದೆ, ಲಕೋಟೆಯನ್ನು ಕೊಡವಿದೆ. ಬೇರೇನೂ ಇರಲಿಲ್ಲ. ಲಕೋಟೆಯ ಮೇಲೆ ನನ್ನ ಪೂರ್ತಿ ಹೆಸರು, ಮನೆ, ಓಣಿ, ಎಲ್ಲವನ್ನೂ ಒಂದು ತಪ್ಪಿಲ್ಲದೆ ನೀನೇ ಬರೆದಿದ್ದೆ. ಬರೆಯುವಾಗ ಅದು ನಾನು ಅಂತ ನಿನಗೆ ಗೊತ್ತಿತ್ತು. ಅಷ್ಟೆಲ್ಲ ಬರೆದವಳಿಗೆ, ಒಳಗೆ ಒಂದೇ ಒಂದು ಸಲ 'ಕೊಕ್ಕರೆ' ಅಂತ ಬರೆಯಲು ಏನಾಗಿತ್ತೇ?