ಇಂದುಮತಿಯವರು ಮದುವೆ ಊಟಕ್ಕೆ ಹೋದರೇ?

ಹುಬ್ಬಳ್ಳಿ, ಉಣಕಲ್ ಕೆರೆಯ ಮೇಲ್ದಂಡೆ
ಹದಿಮೂರನೆಯ ತಿಂಗಳ ಇಪ್ಪತ್ತೆರಡು. ನೀವು ಎಣಿಸುವ ಲೆಕ್ಕದಲ್ಲಿ ಕ್ರಿಸ್ತಶಕ ಎರಡು ಸಾವಿರದ ನಾನೂರ ಹದಿನೇಳು

ಮಾನ್ಯ ಇಂದುಮತಿ ಕುಬಸದ ಅವರಿಗೆ ತುಂಬೆ ಎಂಬವಳ ನಮಸ್ಕಾರಗಳು.

ಮೇಲಿನ ತಾರೀಖನ್ನು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಓಲೆಯನ್ನು ಬದಿಗಿಡಬೇಡಿ. ನಮ್ಮಲ್ಲಿ ಬೇಸಿಗೆ ಉದ್ದವಾದ ಮೇಲೆ ಒಂದು ತಿಂಗಳು ಹೆಚ್ಚಿಗೆ ಸೇರಿಸಿಕೊಂಡಿದ್ದೇವೆ, ಅಷ್ಟೇ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಬಹುದು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದೇ ನಿಮ್ಮ ಬಳಗದವರ ದನಿಗಳಿಂದ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಮಾತನ್ನೂ ನಿಮ್ಮಿಂದಲೇ ಕಲಿತೆ. ಅಷ್ಟು ಚಿಕ್ಕದಾದ ಹೊಟ್ಟೆಗೆ ಇನ್ನೊಬ್ಬರ ತಪ್ಪುಗಳನ್ನೂ ಹಾಕಿಕೊಳ್ಳುತ್ತಿದ್ದಿರಲ್ಲ ಎಂದು ನನಗೆ ಇವತ್ತಿಗೂ ಸೋಜಿಗ.

ನಾನು ದನಿತೊಳೆಯುವವಳು. ಹಳೆಯ ಕಾಲದ ದನಿಗಳು ಸಿಕ್ಕಾಗ ಅವುಗಳ ಮೇಲಿನ ಗರಗರ ಸದ್ದನ್ನು ತೆಗೆದು, ಮಾತು ಕೇಳುವ ಹಾಗೆ ಮಾಡುವುದು ನನ್ನ ಕಸುಬು. ನಿಮ್ಮ ಊರಿನಿಂದ, ನಿಮ್ಮ ಕಾಲದಿಂದ, ಊಟದ ಬಗ್ಗೆ ನಮಗೆ ಉಳಿದು ಬಂದದ್ದು ಒಂದೇ ಒಂದು ದನಿಗಂಟು, ಅಂದರೆ ಒಟ್ಟಿಗೆ ಕಟ್ಟಿಟ್ಟ ದನಿಗಳ ಮೂಟೆ. ಅದು ‘ಸಣ್ಣ ಬಟ್ಟಲು ಬಳಗ’ ಎಂಬ ಹೆಸರಿನ ನಿಮ್ಮ ಗುಂಪಿನದು. ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ ಮಾಡಿಸಿಕೊಂಡವರು, ಮಾಡಿಸಿಕೊಳ್ಳಲೋ ಬೇಡವೋ ಎಂದು ತೂಗಾಡುತ್ತಿದ್ದವರು, ಒಬ್ಬರಿಗೊಬ್ಬರು ಫೋನಿನಲ್ಲಿ ದನಿ ಕಳಿಸಿಕೊಂಡು ಸಲಹೆ ಕೊಡುತ್ತಿದ್ದ ಬಳಗ. ಇದು ನಿಮಗೆ ಗೊತ್ತಿರುವ ಸಂಗತಿ. ನಮಗೆ ಗೊತ್ತಿರಲಿಲ್ಲ. ನಡೆದ ಎಡವಟ್ಟೆಲ್ಲ ಅದರಿಂದಲೇ.

ಮೊದಲು ನಮ್ಮ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಮಗುವಿಗೆ ಹೆಸರಿಡುವ ದಿನ ತೋಳಿನ ಒಳಗೆ ಎಳ್ಳುಕಾಳಿನಷ್ಟು ಚಿಕ್ಕ ಯಂತ್ರವೊಂದನ್ನು ಕೂರಿಸುತ್ತಾರೆ. ಅದಕ್ಕೆ ‘ತಣಿಕೆ’ ಎನ್ನುತ್ತೇವೆ. ಅದು ಇರುವವರೆಗೆ ಹಸಿವಾಗುವುದಿಲ್ಲ. ಹೊತ್ತಿಗೆ ಸರಿಯಾಗಿ ಓಣಿಯ ಗಂಟೆ ಬಾರಿಸುತ್ತದೆ, ಎಲ್ಲರೂ ಕೂತು ತಮ್ಮ ತಮ್ಮ ಬಟ್ಟಲಿನಲ್ಲಿರುವುದನ್ನು ಉಣ್ಣುತ್ತೇವೆ, ಮತ್ತೆ ಗಂಟೆ ಬಾರಿಸಿದಾಗ ಏಳುತ್ತೇವೆ. ಯಾರೂ ದಪ್ಪವಿಲ್ಲ, ಯಾರೂ ಬಡಕಲಿಲ್ಲ. ನೀವು ಮನುಷ್ಯರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಿದ್ದಿರಿ, ಅದರ ಮುಳ್ಳು ನೋಡಿ ಅಳುತ್ತಿದ್ದಿರಿ ಎಂದು ಹೇಳಿದರೆ ನಮ್ಮ ಮಕ್ಕಳು ನಂಬುವುದಿಲ್ಲ. ನಮ್ಮಲ್ಲಿ ತೂಗುವುದು ಜೋಳವನ್ನು, ಕಬ್ಬಿಣವನ್ನು. ತಣಿಕೆ ಕೆಟ್ಟದ್ದೆಂದು ನಾನು ಹೇಳಲಾರೆ. ಮಂಡಿನೋವು, ಸಕ್ಕರೆ ಕಾಯಿಲೆ, ಮಲಗಿದಾಗ ಉಸಿರು ಕಟ್ಟುವುದು ಎಂದು ನಿಮ್ಮ ಬಳಗದವರು ಪಟ್ಟ ಪಾಡನ್ನು ಕೇಳಿದ ಮೇಲಂತೂ ಹೇಳಲಾರೆ. ಆದರೆ ಹಸಿವು ಹೇಗಿರುತ್ತದೆ ಎಂಬ ಕುತೂಹಲ ನನಗೆ ಚಿಕ್ಕಂದಿನಿಂದಲೂ ಇತ್ತು.

ತಣಿಕೆ ಬಂದ ಮೇಲೆ ಮೂರು ತಲೆಮಾರು ಕಳೆಯುವಷ್ಟರಲ್ಲಿ ಹೇಗೆ ಉಣ್ಣಬೇಕು ಎಂಬುದೇ ಜನರಿಗೆ ಮರೆತುಹೋಯಿತಂತೆ. ಆಗ ದೊಡ್ಡವರೆಲ್ಲ ಸೇರಿ ಹಿರಿಯರ ಪದ್ಧತಿಯನ್ನು ಹುಡುಕಿದರು, ನಿಮ್ಮ ದನಿಗಂಟು ಸಿಕ್ಕಿತು. ಅದರಲ್ಲಿ ಸಲಹೆಗಳನ್ನಷ್ಟೇ ತೊಳೆದಿಟ್ಟುಕೊಂಡು ನಡುವಿನ ಹರಟೆ, ನಗು, ಪಾತ್ರೆಯ ಸದ್ದು ಎಲ್ಲವನ್ನೂ ಗರಗರವೆಂದು ಪಕ್ಕಕ್ಕಿಟ್ಟರು. ಉಳಿದದ್ದು ಹೀಗಿತ್ತು. ಸಣ್ಣ ಬಟ್ಟಲು ಇಟ್ಟುಕೊಳ್ಳಿ. ಒಂದು ತುತ್ತು ಬಾಯಿಗಿಟ್ಟು ಚಮಚ ಕೆಳಗಿಡಿ. ಹಿಟ್ಟಾಗುವ ತನಕ ಅಗಿಯಿರಿ. ಊಟದ ಜೊತೆ ನೀರು ಬೇಡ, ನೀರನ್ನು ಉಳಿದ ಹೊತ್ತಿನಲ್ಲಿ ಗುಟುಕು ಗುಟುಕಾಗಿ ಕುಡಿಯಿರಿ. ಮೊದಲು ಬೇಳೆ, ಮೊಟ್ಟೆ, ಪನೀರು; ಅನ್ನ ಆಮೇಲೆ. ಬಿಕ್ಕಳಿಕೆ ಬಂದರೆ ನಿಲ್ಲಿಸಿ. ವಿಟಮಿನ್ ಗುಳಿಗೆ ತಪ್ಪಿಸಬೇಡಿ. ನಮ್ಮ ಹಿರಿಯರು ಇದನ್ನು ನಿಮ್ಮ ನಾಡಿನ ಊಟದ ಶಾಸ್ತ್ರವೆಂದೇ ತಿಳಿದರು. ಆಪರೇಷನ್ ಎಂದರೆ ವಯಸ್ಸಿಗೆ ಬಂದ ಎಲ್ಲರಿಗೂ ಮಾಡುತ್ತಿದ್ದ ಒಂದು ಸಂಸ್ಕಾರ ಇರಬೇಕು ಎಂದು ಪಂಡಿತರೊಬ್ಬರು ದೊಡ್ಡ ಪ್ರಬಂಧವನ್ನೇ ಬರೆದರು.

ನೀವು ನಗಬಾರದು, ಇಂದುಮತಿಯವರೇ, ಆದರೆ ನಕ್ಕೇ ನಗುತ್ತೀರಿ. ನಮ್ಮಲ್ಲಿ ಮದುವೆಯಾದ ಹೊಸತರಲ್ಲಿ ಗಂಡಿಗೂ ಹೆಣ್ಣಿಗೂ ಮೊದಲು ಬರೀ ತಿಳಿಸಾರು, ಆಮೇಲೆ ಗಂಜಿ, ಆಮೇಲೆ ಮಿದ್ದಿದ ಅನ್ನ, ಕೊನೆಗೆ ರೊಟ್ಟಿ ಕೊಡುತ್ತೇವೆ. ರೊಟ್ಟಿ ಮುಟ್ಟುವ ದಿನ ಬೀಗರೆಲ್ಲ ಸೇರಿ ಹಾಡು ಹೇಳುತ್ತಾರೆ. ಇದು ಪುರಾತನ ಹುಬ್ಬಳ್ಳಿಯ ಸಂಪ್ರದಾಯ ಎಂದು ನಾವೆಲ್ಲ ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದೆವು. ನನ್ನ ಮದುವೆಯಲ್ಲೂ ನಾನು ತಿಳಿಸಾರು ಕುಡಿದು ಗಂಭೀರವಾಗಿ ಕೂತಿದ್ದೆ. ಆಪರೇಷನ್ ಆದವರಿಗೆ ಡಾಕ್ಟರು ಹೇಳಿದ ಪಥ್ಯ ಅದು ಎಂದು ನನ್ನ ಗಂಡನಿಗೆ ಮೊನ್ನೆ ತಿಳಿಸಿದಾಗ, ಅವರು ಆ ರೊಟ್ಟಿಯ ಹಾಡನ್ನು ಮೊದಲಿನಿಂದ ಇನ್ನೊಮ್ಮೆ ಹೇಳಿ ನೋಡಿದರು.

ಈ ನಗೆಯ ಹಿಂದೆ ನನ್ನ ಸಂಕಟವೊಂದಿದೆ, ಅದಕ್ಕಾಗಿಯೇ ಈ ಓಲೆ. ನನಗೆ ಒಬ್ಬಳೇ ಮಗಳು, ಹೆಸರು ಅಗಸೆ. ನಮ್ಮಲ್ಲಿ ಹೆಸರುಗಳೆಲ್ಲ ಗಿಡಗಳವು. ಅವಳು ಕಾರವಾರದ ತೇಲುಬಂದರಿನಿಂದ ಹೊರಡುವ ದೂರದ ಹಡಗಿಗೆ ಕೆಲಸಕ್ಕೆ ಸೇರಿದ್ದಾಳೆ. ವರ್ಷಗಟ್ಟಲೆ ಕಡಲ ಮೇಲೆ. ಅಲ್ಲಿ ಗಂಟೆ ಬಾರಿಸುವವರಿಲ್ಲ. ತಣಿಕೆ ಇರುವವರು ಕೆಲಸದ ಭರದಲ್ಲಿ ಉಣ್ಣುವುದನ್ನೇ ಮರೆತು ಕುಸಿದು ಬಿದ್ದದ್ದುಂಟು. ಹಾಗಾಗಿ ಕಡಲಿಗೆ ಹೋಗುವವರಿಗೆ ತಣಿಕೆಯನ್ನು ತೆಗೆಯುತ್ತಾರೆ. ಹೋದ ತಿಂಗಳು ಅಗಸೆಗೂ ತೆಗೆದರು. ನಿಮಗೆ ಹೊಟ್ಟೆ ಚಿಕ್ಕದಾದ ಹಾಗೆ ಅವಳಿಗೆ ಹೊಟ್ಟೆ ದೊಡ್ಡದಾಯಿತೆನ್ನಿ. ಹೇಗಿದೆ ಎಂದು ನಾನು ಆಸೆಯಿಂದ ಕೇಳಿದೆ. “ಹೊಟ್ಯಾಗ ಯಾರೋ ಕುಂತು ಬಾಗಲಾ ಬಡದಂಗ ಆಗತೈತಿ, ಅವ್ವಾ. ತಗದ್ರ ಒಳಗ ಯಾರೂ ಇರಂಗಿಲ್ಲ” ಅಂದಳು.

ಮೊದಮೊದಲು ಅವಳಿಗೂ ಅದೊಂದು ಬೆರಗಾಗಿತ್ತು. ಸಾರಿಗೆ ಒಗ್ಗರಣೆ ಬಿದ್ದರೆ ಅಂಗಳದಿಂದ ಓಡಿ ಬರುತ್ತಿದ್ದಳು. ಬಾಯಲ್ಲಿ ನೀರೂರುವುದು ಎಂದರೆ ನಿಜವಾಗಿಯೂ ನೀರು ಎಂದು ನನಗೆ ತೋರಿಸಿ ನಕ್ಕಳು. ಆಮೇಲೆ ಒಂದು ದಿನ ಓಣಿಯ ಊಟದಲ್ಲಿ ಎಲ್ಲರೂ ಮೊದಲ ತುತ್ತನ್ನು ಅಗಿಯುತ್ತಿರುವಾಗಲೇ ಅವಳ ಬಟ್ಟಲು ಬರಿದಾಯಿತು. ಇನ್ನೊಂದು ಬಟ್ಟಲು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಹಿರಿಯರ ಶಾಸ್ತ್ರದಲ್ಲಿ ಇರುವುದು ಒಂದೇ ಬಟ್ಟಲು. ಎಲ್ಲರೂ ಅವಳ ಬಟ್ಟಲನ್ನು ನೋಡಿದರು, ಆಮೇಲೆ ನೋಡದವರ ಹಾಗೆ ಮುಖ ತಿರುಗಿಸಿದರು. ಅವತ್ತಿನಿಂದ ಅವಳು ನಮ್ಮ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಳು. ಗಂಟೆ ಬಾರಿಸಿದಾಗ ತಲೆನೋವೆಂದು ಕೋಣೆಗೆ ಹೋಗುತ್ತಿದ್ದಳು. ಬಾಗಿಲ ಹಿಂದೆ ಒಣರೊಟ್ಟಿ ಮುರಿಯುವ ಸದ್ದು ನನಗೆ ಕೇಳಿಸುತ್ತಿತ್ತು. ಮಗಳು ಇನ್ನೇನು ಹೊರಟುಹೋಗುತ್ತಾಳೆ, ಅಷ್ಟರೊಳಗೆ ಒಮ್ಮೆಯಾದರೂ ನನ್ನ ಪಕ್ಕದಲ್ಲಿ ಕೂತು ಉಣ್ಣುತ್ತಾಳೋ ಇಲ್ಲವೋ ಎಂಬುದೊಂದೇ ನನ್ನ ತಲೆಯನ್ನು ಕೊರೆಯುತ್ತಿತ್ತು.

ಹೊಟ್ಟೆ ಬದಲಾದವರ ಅನುಭವ ನಮ್ಮಲ್ಲಿ ಯಾರಿಗೂ ಇಲ್ಲ. ಇದ್ದದ್ದು ನಿಮ್ಮವರಿಗೆ. ಆದ್ದರಿಂದ ಪಕ್ಕಕ್ಕಿಟ್ಟಿದ್ದ ಆ ಗರಗರವನ್ನೆಲ್ಲ ಮತ್ತೆ ತಂದು ತೊಳೆಯತೊಡಗಿದೆ. ಆಹಾ, ಏನೇನಿತ್ತು ಅದರಲ್ಲಿ! ಕೂದಲು ಉದುರುತ್ತಿದೆ ಎಂದು ಯಾರೋ ಗಾಬರಿಯಾದರೆ, ಬಳಗದಲ್ಲಿ ಮೊದಲೇ ಆಪರೇಷನ್ ಮಾಡಿಸಿಕೊಂಡಿದ್ದ ಮಾಬುಬಿ ನದಾಫ ಅವರ ದಪ್ಪ ದನಿ, “ಹೆದರಬ್ಯಾಡ್ರಿ, ನನ್ನ ಕೂದಲಾನೂ ಹಿಂಗ ಉದುರಿದ್ವು. ಬ್ಯಾಳಿ ತತ್ತಿ ಛಂದಂಗೆ ತಿನ್ರಿ, ಡಾಕ್ಟರಿಗೆ ತೋರಸ್ರಿ, ಮತ್ತ ಬರ್ತಾವ” ಎಂದು ಸಮಾಧಾನ ಹೇಳುತ್ತಿತ್ತು. ಇಳಿಯುತ್ತಿದ್ದ ತೂಕ ನಡುವೆ ನಿಂತುಬಿಟ್ಟವರಿಗೆ, ಹಳೆಯ ಬಟ್ಟೆಗಳನ್ನು ಕೊಟ್ಟುಬಿಡಲು ಮನಸ್ಸಾಗದವರಿಗೆ, ಹೊಟ್ಟೆ ತುಂಬಿದರೂ ತಲೆ ಮಾತ್ರ ಬೇಕು ಬೇಕು ಎನ್ನುವವರಿಗೆ, ಅವರ ಹತ್ತಿರ ಒಂದೊಂದು ಮಾತಿತ್ತು. ಆಪರೇಷನ್ ಮಾಡಿಸಲೋ ಎಂದು ಹೊಸಬರು ಕೇಳಿದರೆ ಹೌದೆಂದೂ ಬೇಡವೆಂದೂ ಹೇಳದೆ, “ಹೊಟ್ಟಿ ಡಾಕ್ಟರು ಕೊಯ್ತಾರ, ಮನಸು ನೀವ ಕೊಯ್ಕೋಬೇಕು. ಅದಕ್ಕ ತಯಾರಿದ್ರ ಹೋಗ್ರಿ” ಅನ್ನುತ್ತಿದ್ದರು.

ಅಲ್ಲಿಯೇ ನೀವು ಸಿಕ್ಕಿರಿ. ಶಾಲೆಯಲ್ಲಿ ಸಂಗೀತದ ಟೀಚರು, ಮಹಡಿಯ ತರಗತಿಗೆ ಹತ್ತಿದರೆ ಹಾಡಲು ಉಸಿರೇ ಉಳಿಯುತ್ತಿರಲಿಲ್ಲ ಎಂದು ಆಪರೇಷನ್ ಮಾಡಿಸಿಕೊಂಡವರು. ಮೆಟ್ಟಿಲು ಹತ್ತಿ ಅಲ್ಲಿಂದಲೇ ಹಾಡಿ ಬಳಗಕ್ಕೆ ಕಳಿಸಿದ ನಿಮ್ಮ ದನಿಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅದಾದ ಮೇಲೆ ಯಾರದೋ ಮನೆಯ ಊಟ. ಒಲ್ಲೆ ಒಲ್ಲೆ ಎಂದರೂ ಕೇಳದೆ ಹೋಳಿಗೆಯನ್ನು ಎಲೆಗೆ ಹಾಕಿದರು, ಬಿಟ್ಟರೆ ಏನಂದುಕೊಳ್ಳುತ್ತಾರೋ ಎಂದು ನೀವು ತಿಂದಿರಿ, ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡಿರಿ, ಇವಳಿಗೆ ಏನೋ ದೊಡ್ಡ ರೋಗ ಎಂದು ಮಾತು ಹಬ್ಬಿತು. ಅವತ್ತಿನಿಂದ ನೀವು ಯಾರ ಜೊತೆಗೂ ಊಟಕ್ಕೆ ಕೂರಲಿಲ್ಲ. ನಿಮ್ಮ ಅಕ್ಕನ ಮಗಳ ಮದುವೆ ಬಂತು. “ನಾ ಬರಂಗಿಲ್ಲ. ಅಕ್ಕ ಕೈ ಬಿಚ್ಚಿ ಬಡಸಾಕಿ. ಎಲಿ ಮುಂದ ಕುಂತು ಅಳೂಕಿಂತ ಮನ್ಯಾಗ ಇರೂದ ಛಲೋ” ಎಂದು ನೀವು ಹೇಳಿದ್ದನ್ನು ಕೇಳಿ ನಾನು ಕೆಲಸ ನಿಲ್ಲಿಸಿ ಕೂತುಬಿಟ್ಟೆ. ನೀವು ಸ್ವಲ್ಪವೇ ಉಣ್ಣುವ ನಾಚಿಕೆಗೆ ಬಾಗಿಲು ಹಾಕಿಕೊಂಡಿರಿ. ನನ್ನ ಮಗಳು ಹೆಚ್ಚು ಉಣ್ಣುವ ನಾಚಿಕೆಗೆ ಹಾಕಿಕೊಂಡಿದ್ದಳು.

ಅದಕ್ಕೆ ಮಾಬುಬಿಯವರು ಕೊಟ್ಟ ಉತ್ತರವನ್ನು ಪೂರ್ತಿ ತೊಳೆಯಲು ನನಗೆ ಬಹಳ ಹೊತ್ತು ಹಿಡಿಯಿತು. “ನಮ್ಮ ಮನ್ಯಾಗ ದಾವತ್ತಿಗೆ ಒಂದ ದೊಡ್ಡ ತಾಟಿನ ಸುತ್ತ ಮಂದಿ ಕುಂತು ಉಣ್ತೀವ್ರೀ, ಟೀಚರ. ಯಾರು ಎರಡ ತುತ್ತು ತಿಂದ್ರು, ಯಾರು ಇಪ್ಪತ್ತು ತಿಂದ್ರು, ದೇವರಿಗಷ್ಟ ಗೊತ್ತು. ಆಪರೇಷನ್ ಆದ ಮ್ಯಾಲೆ ನನ್ನ ಮಾನಾ ಉಳಿಸಿದ್ದು ಆ ತಾಟು. ಮದುವಿಗೆ ನಾನೂ ಬರ್ತೀನಿ, ತಾಟೂ ತರ್ತೀನಿ. ನಿಮ್ಮಕ್ಕನ್ನ ಬಡಸಾಕ ಬಿಡಬ್ಯಾಡ್ರಿ, ನಮ್ಮ ಜೋಡಿ ತಾಟಿಗೆ ಕುಂಡಸ್ರಿ.”

ನಮ್ಮ ಮನೆಯಲ್ಲಿ ತಾಟು ಎಂಬುದೇ ಇಲ್ಲ. ಮಾಳಿಗೆಯ ಮೇಲೆ ಜೋಳದ ಸಸಿ ಬೆಳೆಸುವ ಅಗಲವಾದ ಹರಿವಾಣವೊಂದಿತ್ತು. ಮಣ್ಣು ತೆಗೆದು ತಿಕ್ಕಿ ತೊಳೆದೆ. ಇವತ್ತು ಮಧ್ಯಾಹ್ನ ಅನ್ನ, ಬೇಳೆ, ಪಲ್ಯ, ರೊಟ್ಟಿ ಎಲ್ಲವನ್ನೂ ಅದರಲ್ಲೇ ಹಾಕಿ ನಡುಮನೆಯಲ್ಲಿಟ್ಟು ಅಗಸೆಯ ಬಾಗಿಲು ಬಡಿದೆ. ಅವಳು ಬಂದು ನೋಡಿ, “ಇದೇನವಾ, ದನಕ್ಕ ಇಟ್ಟಂಗ ಇಟ್ಟೀದಿ?” ಅಂದಳು. ಬಟ್ಟಲು ಎಲ್ಲಿ ಎಂದು ಹುಡುಕಿದಳು. ಬಟ್ಟಲುಗಳನ್ನು ನಾನು ಒಳಗೆ ಕೂಡಿಹಾಕಿದ್ದೆ. ನಾನು, ನನ್ನ ಗಂಡ, ಅವಳು ಸುತ್ತ ಕೂತೆವು. ಮೊದಲಿಗೆ ಮೂವರ ಕೈಗಳೂ ಒಂದಕ್ಕೊಂದು ತಾಗಿ ಹಿಂದೆ ಸರಿಯುತ್ತಿದ್ದವು. ಆಮೇಲೆ ಸರಿಯಲಿಲ್ಲ. ಅವಳು ಹಡಗಿನ ಮಾತು ಹೇಳುತ್ತ ಹೇಳುತ್ತ ಉಂಡಳು. ಎಷ್ಟು ಉಂಡಳೋ ನನಗೆ ಗೊತ್ತಾಗಲಿಲ್ಲ. ಹೊಟ್ಟೆ ತುಂಬ ಉಂಡಳೆಂದು ಮಾತ್ರ ಗೊತ್ತು, ಏಕೆಂದರೆ ನನ್ನ ಮುಂದಿದ್ದ ರೊಟ್ಟಿಯೂ ಖಾಲಿಯಾಗಿತ್ತು. ಏಳುವ ಗಂಟೆ ಬಾರಿಸಿತು, ನಾವು ಯಾರೂ ಏಳಲಿಲ್ಲ. ನನಗೆ ಅಳು ಬಂತು, ಖುಷಿಗೇ ಬಂತು.

ನಾಳೆ ಅವಳು ಹೊರಡುತ್ತಾಳೆ. ಹರಿವಾಣವನ್ನು ತನ್ನ ಗಂಟಿನಲ್ಲಿ ಕಟ್ಟಿಕೊಂಡಿದ್ದಾಳೆ. ಹಡಗಿನಲ್ಲಿ ಹೊಟ್ಟೆಗಳು ನಾನಾ ಥರ ಇರುತ್ತವಂತೆ.

ಇನ್ನು ನನ್ನ ಬಿನ್ನಹ. ಈ ಬಗೆಯ ಓಲೆಯನ್ನು ನಾವು ‘ಹಿಂದೋಲೆ’ ಎನ್ನುತ್ತೇವೆ. ಹಳೆಯ ದನಿ ಬಂದ ದಾರಿಯಲ್ಲೇ ತಿರುಗಿ ಹೋಗುವ ಓಲೆ ಇದು. ತಲುಪುತ್ತದೆ ಎನ್ನುವವರೂ ಇದ್ದಾರೆ, ಹುಚ್ಚು ಎನ್ನುವವರೂ ಇದ್ದಾರೆ. ಮಾಬುಬಿಯವರ ಮಾತಾದ ಮೇಲೆ ದನಿಗಂಟಿನಲ್ಲಿ ಉಳಿದಿರುವುದು ಒಂದೇ ಒಂದು ಚಿಕ್ಕ ತುಣುಕು. ಮದುವೆಯ ದಿನದ್ದು, ನಿಮ್ಮ ಫೋನಿನಿಂದ ಬಂದದ್ದು. ಅದರಾಚೆ ಏನೂ ಇಲ್ಲ. ಅದನ್ನು ನಾನು ಬೇಕೆಂದೇ ಇನ್ನೂ ತೊಳೆದಿಲ್ಲ; ಓಲೆ ಹೊರಡುವ ಮೊದಲೇ ಕೇಳಿಬಿಟ್ಟರೆ ಆದದ್ದು ಮತ್ತೆ ಬದಲಾಗದೇನೋ ಎಂಬ ಅಳುಕು. ಈಗ ಕೇಳಿದರೆ ಬರೀ ಗರಗರ. ಖಾಲಿ ಮನೆಯ ಫ್ಯಾನಿನ ಸದ್ದೂ ಇರಬಹುದು, ಮದುವೆ ಮನೆಯದೂ ಇರಬಹುದು. ಇಂದುಮತಿಯವರೇ, ಈ ಓಲೆ ಮದುವೆಗೆ ಮುಂಚೆ ನಿಮ್ಮ ಕೈಸೇರಿದರೆ ದಯವಿಟ್ಟು ಹೋಗಿ. ಎರಡೇ ತುತ್ತು ಸಾಕು, ಅಕ್ಕನ ಪಕ್ಕದಲ್ಲಿ ಕೂತು ತಿನ್ನಿ.

ಓಲೆಯನ್ನು ಕಳಿಸಿದ ಕೂಡಲೇ ಆ ತುಣುಕನ್ನು ತೊಳೆಯುತ್ತೇನೆ. ಗಂಟು ಕಟ್ಟುವುದನ್ನು ಬಿಟ್ಟು ಅಗಸೆಯೂ ಬಂದು ನನ್ನ ಪಕ್ಕದಲ್ಲಿ ಕೂತಿದ್ದಾಳೆ. ನೀವು ನಮಗಾಗಿ ಏನೂ ಮಾತಾಡಬೇಕಾಗಿಲ್ಲ. ತಾಟಿಗೆ ಬಳೆ ತಾಗಿದ ಸದ್ದು ಕೇಳಿಸಿದರೆ ಸಾಕು.

ನಿಮ್ಮ,
ತುಂಬೆ