ಪುಟದ ಕೊನೆಯ ಮೂಲೆ

ಗುರುಗಳಿಗೆ ನಮಸ್ಕಾರ.

ಆಸ್ಪತ್ರೆಯಲ್ಲಿ ಪತ್ರಿಕೆ ಓದಕೂಡದೆಂದು ಡಾಕ್ಟರು ನಿಮಗೆ ಹೇಳಿದ್ದಾರಂತೆ. ಪತ್ರ ಓದಬೇಡಿ ಎಂದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

‘ಈ ವರ್ಷ ಅಗಲಿದವರು’ ಪುಟವನ್ನು ಮೊದಲ ಸಲ ನೀವಿಲ್ಲದೆ ಕಟ್ಟಿದ್ದೇನೆ. ಯಾರನ್ನೂ ಹಾಸಿಗೆ ಹಿಡಿದ ಮುಖದಲ್ಲಿ ತೋರಿಸಬಾರದೆಂಬ ನಿಮ್ಮ ಮಾತು ಮೀರಿಲ್ಲ. ಗಾಯಕಿ ಕತ್ತಿನ ನರ ಉಬ್ಬುವ ಹಾಗೆ ಹಾಡುತ್ತಿದ್ದಾರೆ. ಪೈಲ್ವಾನರು ತೊಡೆ ತಟ್ಟಿ ನಿಂತಿದ್ದಾರೆ. ವಿಜ್ಞಾನಿ ದೂರದರ್ಶಕಕ್ಕೆ ಕಣ್ಣಿಟ್ಟು ಊಟ ಮರೆತಂತಿದ್ದಾರೆ. ಬದುಕಿದ್ದಾಗ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಈ ಪುಟದಲ್ಲಿ ನೆಂಟರ ಹಾಗೆ ಕಾಣುತ್ತಾರೆ. ಇಂಥ ನೆಂಟಸ್ತಿಕೆ ಬೆಸೆಯುವ ವಿದ್ಯೆ ನಿಮ್ಮದೇ, ನಾನು ಬರೀ ನಕಲು ಹೊಡೆದವನು.

ಕೆಳಗಿನ ಮೂಲೆಯನ್ನು ನಿಮ್ಮ ಪದ್ಧತಿಯಂತೆ ಖಾಲಿ ಬಿಟ್ಟಿದ್ದೇನೆ. “ವರ್ಷ ಇನ್ನೂ ಮುಗಿದಿಲ್ಲ ಕಣಯ್ಯ, ತಡಿ” ಅನ್ನುತ್ತಿದ್ದಿರಿ. ಕೊನೆಯ ದಿನ ಸಂಜೆಯವರೆಗೂ ಯಾರೂ ಆ ಜಾಗಕ್ಕೆ ಬರದಿದ್ದರೆ, ಅಲ್ಲೊಂದು ಸೋಪಿನ ಜಾಹೀರಾತು ಹಾಕಿಸಿ, ಗೆದ್ದವರ ಹಾಗೆ ಇಡೀ ಕಚೇರಿಗೆ ಚಹಾ ಕೊಡಿಸುತ್ತಿದ್ದಿರಿ.

ನಿನ್ನೆ ಸಂಪಾದಕರು ನನ್ನನ್ನು ಕರೆದು, “ನಿಮ್ಮ ಗುರುಗಳದ್ದು ಒಂದು ಒಳ್ಳೇ ಫೋಟೊ ಹುಡುಕಿಡಪ್ಪ” ಅಂದರು. ಫೋಟೊ ಬೀರುವಿನ ಕೀಲಿಕೈ ಕಾಣುತ್ತಿಲ್ಲ ಅಂದುಬಿಟ್ಟೆ. ಅದು ನನ್ನ ಜೇಬಿನಲ್ಲೇ ಇದೆ.

ಚಹಾಕ್ಕೆ ಹೇಳಿಟ್ಟಿದ್ದೇನೆ. ಆ ಮೂಲೆಯನ್ನು ಸೋಪಿನವರಿಗೆ ಕೊಡುತ್ತೇನೆಂದು ಆಗಲೇ ಒಪ್ಪಿಕೊಂಡಾಗಿದೆ.

ದಯವಿಟ್ಟು ನನ್ನ ಮಾತು ಉಳಿಸಿಕೊಡಿ.

ಇತಿ,
ನಿಮ್ಮಿಂದ ಬೈಸಿಕೊಂಡೇ ಕಲಿತ ಶಿಷ್ಯ